ದೀಪ ಮಿನುಗುತ್ತಿದ್ದರೆ ಸಾಲದು

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಈ ಲೇಖನವನ್ನು ನಿಜವಾಗಿ ಕಂಪ್ಯೂಟರ್ ಸೈನ್ಸ್ ವಿಭಾಗದವರು ಬರೆಯಬೇಕಿತ್ತು. ಕಾಮರ್ಸ್ ಓದುವವರಿಗೆ ಟೈಮರ್, ವಾಚ್‌ಡಾಗ್, ಡ್ರೈವರ್ ಇವುಗಳ ಗೊಡವೆ ಯಾಕೆ ಎಂದು ನೀವು ಕೇಳಬಹುದು. ನಮ್ಮ ಅಂಗಡಿಯ 32 ರಟ್ಟಿನ ಪೆಟ್ಟಿಗೆ ಸರಕು ಒಂದೇ ರಾತ್ರಿ ನೀರಿನಲ್ಲಿ ನೆನೆದು ಹೋದ ಮೇಲೆ ಆ ಗೊಡವೆ ನನಗೆ ಅಂಟಿಕೊಂಡಿತು.

ಮಾಮೂಲ್‌ಪೇಟೆಯಲ್ಲಿ ನಮ್ಮ ದಾದಾ ಕಾಲದಿಂದ ಒಂದು ಅಂಗಡಿ ಇದೆ. ಗಿಫ್ಟ್ ಪೇಪರ್, ಮದುವೆ ಲಕೋಟೆ, ರಿಬ್ಬನ್, ಅಲಂಕಾರದ ಸಾಮಾನು ಹೋಲ್‌ಸೇಲ್ ಮಾರುತ್ತೇವೆ. ಅಂಗಡಿಯ ಕೆಳಗೆ ನೆಲಮಾಳಿಗೆಯ ಗೋಡೌನ್. ಪೇಟೆಯ ನೆಲಮಾಳಿಗೆಗಳ ಕಥೆ ನಿಮಗೆ ಗೊತ್ತಿರಬಹುದು. ಜೋರು ಮಳೆ ಬಂದರೆ ಚರಂಡಿಯ ನೀರು ಮೊದಲು ಅಲ್ಲಿಗೇ ಬರುತ್ತದೆ. ಅದಕ್ಕಾಗಿ ಮೂಲೆಯಲ್ಲಿ ಒಂದು ಗುಂಡಿ ತೋಡಿ ಮೋಟರ್ ಇಟ್ಟಿದ್ದೇವೆ. ಮೊದಲು ರಾತ್ರಿ ಮಳೆ ಬಂದರೆ ಅಬ್ಬಾ ಎದ್ದು ಹೋಗಿ ಸ್ವಿಚ್ ಹಾಕುತ್ತಿದ್ದರು. ಎರಡು ವರ್ಷದ ಹಿಂದೆ, ನೀರು ಏರಿದರೆ ತಾನೇ ಮೋಟರ್ ಹಾಕಿ ಅಬ್ಬಾ ಮೊಬೈಲಿಗೆ ಮೆಸೇಜ್ ಕಳಿಸುವ ಒಂದು ಚಿಕ್ಕ ಬೋರ್ಡನ್ನು ಪರಿಚಯದವರೊಬ್ಬರಿಂದ ಮಾಡಿಸಿದೆವು. ಬಿಡಿಭಾಗಗಳೆಲ್ಲ ಪಕ್ಕದ ಎಸ್.ಪಿ. ರಸ್ತೆಯಲ್ಲೇ ಸಿಕ್ಕಿದವು. ಬೋರ್ಡಿನ ಮೇಲೆ ಒಂದು ಹಸಿರು ದೀಪ ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. "ದೀಪ ಮಿನುಗುತ್ತಿದ್ದರೆ ಎಲ್ಲ ಸರಿ ಇದೆ ಎಂದು ತಿಳಿಯಿರಿ" ಎಂದು ಅವರು ಹೇಳಿದ್ದರು.

ಕಳೆದ ಮಳೆಗಾಲದ ಒಂದು ಸಂಜೆ ಮಗರಿಬ್ ಹೊತ್ತಿಗೆ ಮೋಡ ಕಟ್ಟಿತ್ತು. ಅಬ್ಬಾ ನನ್ನನ್ನು ಗೋಡೌನ್ ನೋಡಿ ಬಾ ಎಂದು ಕಳಿಸಿದರು. ನಾನು ಇಳಿದು ನೋಡಿದೆ. ಹಸಿರು ದೀಪ ಮಿನುಗುತ್ತಿತ್ತು. "ಬತ್ತಿ ಜಲ್‌ರೈ ಅಬ್ಬಾ, ಸಬ್ ಠೀಕ್ ಹೈ" ಎಂದು ಹೇಳಿ ಷಟರ್ ಎಳೆದೆ. ಬೆಳಿಗ್ಗೆ ಬಂದಾಗ ಗೋಡೌನಿನಲ್ಲಿ ಮೊಣಕಾಲುದ್ದ ನೀರು. ಮೋಟರ್ ಓಡಿಯೇ ಇರಲಿಲ್ಲ. ಮೆಸೇಜ್ ಕೂಡ ಬಂದಿರಲಿಲ್ಲ. ಆ ನೀರಿನ ಮೇಲೆ, ಗೋಡೆಯಲ್ಲಿ, ಹಸಿರು ದೀಪ ಇನ್ನೂ ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು.

ಅಬ್ಬಾ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನೆನೆದ ಲಕೋಟೆಗಳನ್ನು ಒಂದೊಂದಾಗಿ ಬಿಡಿಸಿ ಟೆರೇಸಿನಲ್ಲಿ ಒಣಗಿಸಲು ನೋಡಿದರು. ಅಂಟಿಕೊಂಡ ಕಾಗದ ಬಿಡಲಿಲ್ಲ. ಆ ವರ್ಷದ ಮದುವೆ ಸೀಜನ್ನಿಗೆಂದು ಸಾಲ ಮಾಡಿ ತಂದ ಸರಕು ಅದು.

ಆ ಭಾನುವಾರ ನಮ್ಮ ಖಾಲಾ ಮಗ ಭಾಯಿಜಾನ್ ಮನೆಗೆ ಬಂದರು. ಅವರು ಇಂತಹ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದಾರೆ. ಬೋರ್ಡನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಮಾಡಿಕೊಟ್ಟವರಿಂದ ಪ್ರೋಗ್ರಾಂ ಕೇಳಿ ತರಿಸಿ, ಒಂದು ಗಂಟೆ ನೋಡಿದರು. ಆಮೇಲೆ ನನಗೆ ಹೇಳಿಕೊಟ್ಟದ್ದನ್ನು, ನನಗೆ ಅರ್ಥವಾದ ಹಾಗೆ, ಇಲ್ಲಿ ಬರೆಯುತ್ತಿದ್ದೇನೆ.

ಇಂತಹ ಪ್ರತಿಯೊಂದು ಚಿಪ್ಪಿನೊಳಗೂ ಟೈಮರ್‌ಗಳಿರುತ್ತವೆ. ಟೈಮರ್ ಎಂದರೆ ಎಣಿಸುತ್ತಲೇ ಇರುವ ಒಂದು ಗಡಿಯಾರ. ಎಣಿಕೆ ಮುಗಿದಾಗ ಅದು ಮುಖ್ಯ ಪ್ರೋಗ್ರಾಮನ್ನು ಅರ್ಧದಲ್ಲೇ ತಡೆದು ಒಂದು ಸಣ್ಣ ಕೆಲಸ ಮಾಡಿಸಿ ಬಿಡುತ್ತದೆ. ಇದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಇನ್ನೊಂದು ವಿಶೇಷ ಟೈಮರ್ ಇದೆ. ಅದರ ಹೆಸರು ವಾಚ್‌ಡಾಗ್, ಅಂದರೆ ಕಾವಲು ನಾಯಿ. ಪ್ರೋಗ್ರಾಂ ಆಗಾಗ ಬಂದು "ನಾನು ಕೆಲಸ ಮಾಡುತ್ತಿದ್ದೇನೆ" ಎಂದು ಅದಕ್ಕೆ ತಿಳಿಸಬೇಕು. ಇಂಜಿನಿಯರುಗಳ ಮಾತಿನಲ್ಲಿ ಇದು ನಾಯಿಗೆ ಊಟ ಹಾಕುವುದು. ಹೇಳಿದ ಹೊತ್ತಿನೊಳಗೆ ಊಟ ಬರದಿದ್ದರೆ ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದು ನಾಯಿ ಇಡೀ ಚಿಪ್ಪನ್ನು ರೀಸ್ಟಾರ್ಟ್ ಮಾಡುತ್ತದೆ. ನಮ್ಮ ಬೋರ್ಡಿನಲ್ಲಿದ್ದದ್ದು ಆರ್ಡುಯಿನೊದಲ್ಲಿ ಬರುವ ಎಟಿಮೆಗಾ328 ಚಿಪ್ಪು. ಅದರ ವಾಚ್‌ಡಾಗ್‌ಗೆ ಮುಖ್ಯ ಗಡಿಯಾರವನ್ನು ನಂಬದ ತನ್ನದೇ ಪ್ರತ್ಯೇಕ ಗಡಿಯಾರವಿದೆ. ಆದರೆ ಅದು ಹೆಚ್ಚೆಂದರೆ ಸುಮಾರು 8 ಸೆಕೆಂಡ್ ಮಾತ್ರ ಕಾಯಬಲ್ಲದು.

ಇಲ್ಲೇ ಜಗಳ ಶುರುವಾದದ್ದು. ಸಿಮ್ ಹಾಕುವ ಮಾಡ್ಯೂಲಿಗೆ ನೆಟ್‌ವರ್ಕ್ ಸಿಗಲು ನೆಲಮಾಳಿಗೆಯಲ್ಲಿ ಕೆಲವೊಮ್ಮೆ ಅರ್ಧ ನಿಮಿಷ ಬೇಕು. ಪ್ರೋಗ್ರಾಂ ಅದರ ಉತ್ತರಕ್ಕೆ ಕಾಯುತ್ತಾ ಕೂರುತ್ತಿತ್ತು. ಅಷ್ಟರಲ್ಲಿ 8 ಸೆಕೆಂಡ್ ಮುಗಿದು ನಾಯಿ ರೀಸ್ಟಾರ್ಟ್ ಮಾಡುತ್ತಿತ್ತು. ಮತ್ತೆ ಮೊದಲಿಂದ, ಮತ್ತೆ ರೀಸ್ಟಾರ್ಟ್. ಈ ಕಾಟ ತಪ್ಪಿಸಲು ಮಾಡಿಕೊಟ್ಟವರು ಒಂದು ಸುಲಭ ದಾರಿ ಹುಡುಕಿದರು. ನಾಯಿಗೆ ಊಟ ಹಾಕುವ ಕೆಲಸವನ್ನು ಟೈಮರ್ ಇಂಟರಪ್ಟ್‌ಗೆ ಕೊಟ್ಟುಬಿಟ್ಟರು. ಹಸಿರು ದೀಪ ಮಿನುಗಿಸುತ್ತಿದ್ದದ್ದೂ ಅದೇ ಇಂಟರಪ್ಟ್. ರೀಸ್ಟಾರ್ಟ್ ನಿಂತಿತು. ಎಲ್ಲರಿಗೂ ಸಮಾಧಾನವಾಯಿತು.

ಆದರೆ ಟೈಮರ್ ಇಂಟರಪ್ಟ್ ಮುಖ್ಯ ಪ್ರೋಗ್ರಾಮನ್ನು ಕೇಳಿ ಬರುವುದಿಲ್ಲ. ಅಂಗಡಿಯವನು ಗಲ್ಲಾ ಮೇಲೆ ತಲೆಯಿಟ್ಟು ಮಲಗಿದ್ದರೂ ಗೋಡೆ ಗಡಿಯಾರ ಓಡುತ್ತಲೇ ಇರುತ್ತದಲ್ಲವೇ, ಹಾಗೆ. ಆ ರಾತ್ರಿ ಮಾಡ್ಯೂಲ್ ಉತ್ತರವನ್ನೇ ಕೊಡಲಿಲ್ಲ. ಪ್ರೋಗ್ರಾಂ ಕಾಯುತ್ತಾ ಅಲ್ಲೇ ನಿಂತಿತು. ನೀರಿನ ಮಟ್ಟ ನೋಡುವವರು ಯಾರೂ ಇರಲಿಲ್ಲ. ಟೈಮರ್ ಮಾತ್ರ ತಪ್ಪದೆ ನಾಯಿಗೆ ಊಟ ಹಾಕುತ್ತಿತ್ತು, ತಪ್ಪದೆ ದೀಪ ಮಿನುಗಿಸುತ್ತಿತ್ತು. ಹೊಟ್ಟೆ ತುಂಬಿದ ನಾಯಿ ಬೊಗಳಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಕಾವಲಿಗೆ ಉತ್ತರ ಕೊಡಬೇಕಾದವರು ಕೆಲಸ ಮಾಡುವವರು, ಅದೂ ಕೆಲಸ ಮುಗಿದ ಮೇಲೆ. ಅವರ ಪರವಾಗಿ ಗಡಿಯಾರ ಉತ್ತರ ಕೊಡುವ ಏರ್ಪಾಡು ಮಾಡಿದರೆ ಅದು ಕಾವಲೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಕಾವಲು ಇಲ್ಲ ಎಂದು ಗೊತ್ತಿದ್ದಾಗ ಅಬ್ಬಾ ಮಳೆಯ ರಾತ್ರಿ ಎದ್ದು ಹೋಗುತ್ತಿದ್ದರು. ಕಾವಲು ಇದೆ ಎಂದು ನಂಬಿದ ಮೇಲೆ ನಾವೆಲ್ಲ ನಿದ್ದೆ ಮಾಡಿದೆವು.

ಕಾಮರ್ಸ್ ಸ್ನೇಹಿತರಿಗೆ ಇದು ಹೊಸದಲ್ಲ. ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಸರಿಹೊಂದಿದರೆ ಲೆಕ್ಕ ಸರಿ ಇದೆ ಎಂದರ್ಥವಲ್ಲ ಎಂದು ಮೊದಲ ಪಿಯುಸಿಯಲ್ಲೇ ಓದಿದ್ದೇವೆ. ಒಂದು ವ್ಯವಹಾರವನ್ನೇ ಬರೆಯದೆ ಬಿಟ್ಟರೂ ಎರಡೂ ಕಡೆ ಸಮವಾಗಿಯೇ ಬರುತ್ತದೆ. ನಮ್ಮ ಹಸಿರು ದೀಪವೂ ಅಂಥದ್ದೇ. ಕಂಪನಿ ಕಾಯ್ದೆ 2013ರ 141ನೇ ಕಲಮಿನ ಪ್ರಕಾರ ಕಂಪನಿಯ ಅಧಿಕಾರಿಯಾಗಲಿ ನೌಕರನಾಗಲಿ ಅದೇ ಕಂಪನಿಯ ಆಡಿಟರ್ ಆಗುವಂತಿಲ್ಲ. ಯಾಕೆ? ಅವನು ಕಳ್ಳ ಎಂದಲ್ಲ. ಪರೀಕ್ಷೆಗೆ ಒಳಗಾಗುವವನೇ "ಸರಿ ಇದೆ" ಎಂಬ ಸಹಿ ಹಾಕಿದರೆ ಆ ಸಹಿಗೆ ಬೆಲೆ ಇಲ್ಲ ಎಂದು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು ಲೆಕ್ಕದಲ್ಲಿ ಇಲ್ಲದ ಹಣ ತೋರಿಸಿದ್ದಾಗಿ ತಾವೇ ಪತ್ರ ಬರೆದು ಒಪ್ಪಿಕೊಂಡರು. ಅಲ್ಲಿಯವರೆಗೆ ವರ್ಷ ವರ್ಷವೂ ಆ ಲೆಕ್ಕಪತ್ರಕ್ಕೆ ಸಹಿ ಬೀಳುತ್ತಲೇ ಇತ್ತು. ಅಲ್ಲೂ ದೀಪ ಮಿನುಗುತ್ತಿತ್ತು.

ಇದು ಬರೀ ಅಗ್ಗದ ಬೋರ್ಡಿನ ಕಥೆಯಲ್ಲ. 2013ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ, ಕಾರು ತಾನಾಗಿ ವೇಗ ಪಡೆದು ಅಪಘಾತವಾಯಿತು ಎಂಬ ಮೊಕದ್ದಮೆ ನಡೆಯಿತು. ಅದರಲ್ಲಿ ಮೈಕೆಲ್ ಬಾರ್ ಎಂಬ ತಜ್ಞರು ಇದೇ ಮಾತನ್ನು ಸಾಕ್ಷ್ಯವಾಗಿ ಹೇಳಿದರು. ಕಾರಿನ ಕಂಪ್ಯೂಟರಿನಲ್ಲಿ ವಾಚ್‌ಡಾಗ್‌ಗೆ ಊಟ ಹಾಕುತ್ತಿದ್ದದ್ದು ಟೈಮರ್ ಇಂಟರಪ್ಟ್, ಆದ್ದರಿಂದ ಒಳಗಿನ ಒಂದು ಮುಖ್ಯ ಕೆಲಸ ನಿಂತುಹೋದರೂ ಅದಕ್ಕೆ ಗೊತ್ತಾಗುವುದಿಲ್ಲ ಎಂದು. ಅದಕ್ಕಿಂತ ಮುಂಚೆ ನಾಸಾ ನಡೆಸಿ 2011ರಲ್ಲಿ ವರದಿ ಕೊಟ್ಟಿದ್ದ ತನಿಖೆಗೆ ಹೀಗೆ ವೇಗ ಹೆಚ್ಚಿಸುವ ವಿದ್ಯುನ್ಮಾನ ದೋಷ ಸಿಕ್ಕಿರಲಿಲ್ಲ. ವಾದ ಪ್ರತಿವಾದ ಏನೇ ಇರಲಿ, ಈ ವಿನ್ಯಾಸ ಬೇಡ ಎಂಬ ಪಾಠ ಮಾತ್ರ ಎಲ್ಲರಿಗೂ ಬೇಕಾದದ್ದು.

ಸರಿಯಾದ ಉದಾಹರಣೆ ಬೇಕಿದ್ದರೆ ನಮ್ಮ ರೈಲಿನ ಇಂಜಿನ್ ನೋಡಿ. ಪೇಟೆಯಿಂದ ನಡೆದು ಹೋಗುವಷ್ಟು ದೂರದ ಮೆಜೆಸ್ಟಿಕ್ ನಿಲ್ದಾಣದಿಂದ ಹೊರಡುವ ಇಂಜಿನ್ನುಗಳಲ್ಲಿ ಚಾಲಕರು ಎಚ್ಚರವಾಗಿದ್ದಾರೆಯೇ ಎಂದು ನೋಡುವ ಒಂದು ಸಾಧನ ಇರುತ್ತದೆ. ಸುಮಾರು ಒಂದು ನಿಮಿಷ ಚಾಲಕರು ಏನೂ ಮಾಡದಿದ್ದರೆ ಮೊದಲು ದೀಪ, ಆಮೇಲೆ ಶಬ್ದ, ಅದಕ್ಕೂ ಉತ್ತರ ಬರದಿದ್ದರೆ ಬ್ರೇಕ್. ಇದರಲ್ಲಿ ನನಗೆ ಹಿಡಿಸಿದ ವಿಷಯ ಒಂದಿದೆ. ಚಾಲಕರು ಹಾರ್ನ್ ಹೊಡೆದರೆ, ವೇಗ ಹೆಚ್ಚು ಕಡಿಮೆ ಮಾಡಿದರೆ, ಅದೇ ಉತ್ತರವಾಗುತ್ತದೆ. ಅಂದರೆ ಕೆಲಸವೇ ಸಾಕ್ಷಿ. ಕೆಲವು ಚಿಪ್ಪುಗಳಲ್ಲಿ ವಿಂಡೋ ವಾಚ್‌ಡಾಗ್ ಎಂಬುದೂ ಇದೆ. ಅದಕ್ಕೆ ತಡವಾಗಿ ಊಟ ಹಾಕಿದರೂ ತಪ್ಪು, ತೀರಾ ಬೇಗ ಹಾಕಿದರೂ ತಪ್ಪು. ಸುಮ್ಮನೆ ಬಟನ್ ಒತ್ತುತ್ತಾ ಕೂರುವವರನ್ನು ಅದು ಹಿಡಿಯುತ್ತದೆ.

ಇನ್ನು ಎರಡನೇ ಜಗಳ. ಒಂದೇ ಟೈಮರ್ ಮೇಲೆ ಇಬ್ಬರ ಹಕ್ಕು. ನಮ್ಮ ಬೋರ್ಡಿಗೆ ಬಝರ್ ಜೋಡಿಸಿದ ದಿನ, 3ನೇ ಪಿನ್ನಿನಲ್ಲಿದ್ದ ಇನ್ನೊಂದು ದೀಪ ಮಂದ ಪ್ರಕಾಶ ಕೊಡುವುದನ್ನು ನಿಲ್ಲಿಸಿತ್ತು. ದೀಪ ಕೆಟ್ಟಿದೆ ಎಂದು ಎರಡು ಸಲ ಹೊಸದು ತಂದೆವು. ದೀಪ ಕೆಟ್ಟಿರಲಿಲ್ಲ. ಆ ಚಿಪ್ಪಿನಲ್ಲಿ ಇರುವುದೇ ಮೂರು ಟೈಮರ್. ಬಝರಿನ ಸ್ವರ ಹೊರಡಿಸುವ ಆಜ್ಞೆ ಎರಡನೇ ಟೈಮರನ್ನು ತೆಗೆದುಕೊಳ್ಳುತ್ತದೆ. 3 ಮತ್ತು 11ನೇ ಪಿನ್ನುಗಳ ಪ್ರಕಾಶ ನಡೆಸುವುದೂ ಅದೇ ಟೈಮರ್. ಒಬ್ಬರು ಇನ್ನೊಬ್ಬರಿಗೆ ಹೇಳದೆ ಗಡಿಯಾರದ ಮುಳ್ಳು ತಿರುಗಿಸಿದ್ದರು, ಅಷ್ಟೇ.

ದೊಡ್ಡ ಕಂಪ್ಯೂಟರುಗಳಲ್ಲಿ ಈ ಹಕ್ಕಿನ ನ್ಯಾಯ ತೀರಿಸುವುದು ಕರ್ನಲ್. ಕರ್ನಲ್ ಎಂದರೆ ಇಡೀ ಯಂತ್ರದ ಯಜಮಾನ ಪ್ರೋಗ್ರಾಂ. ಒಂದೊಂದು ಸಾಧನವನ್ನು ನೋಡಿಕೊಳ್ಳಲು ಅದರ ಕೈಕೆಳಗೆ ಒಂದೊಂದು ಡ್ರೈವರ್ ಇರುತ್ತದೆ. ಲಿನಕ್ಸ್‌ನಲ್ಲಿ ನಡೆದ ಒಂದು ಜಗಳವನ್ನು ಭಾಯಿಜಾನ್ ಹೇಳಿದರು. ಎಎಂಡಿ ಕಂಪನಿಯ ಚಿಪ್‌ಸೆಟ್ಟುಗಳಲ್ಲಿ ವಾಚ್‌ಡಾಗ್ ನೋಡಿಕೊಳ್ಳುವ ಡ್ರೈವರಿಗೂ ಎಸ್‌ಎಂಬಸ್ ಎಂಬ ಒಳರಸ್ತೆ ನೋಡಿಕೊಳ್ಳುವ ಡ್ರೈವರಿಗೂ ಒಂದೇ ಜೋಡಿ ಬಾಗಿಲು, ಸಿಡಿ6 ಮತ್ತು ಸಿಡಿ7 ಎಂಬ ವಿಳಾಸಗಳು. ಮೊದಲನೆಯದರಲ್ಲಿ "ನನಗೆ ಇಷ್ಟನೇ ಪುಟ ಬೇಕು" ಎಂದು ಬರೆಯಬೇಕು, ಎರಡನೆಯದರಲ್ಲಿ ಆ ಪುಟ ಸಿಗುತ್ತದೆ. ಒಬ್ಬರು ಪುಟಸಂಖ್ಯೆ ಬರೆದು ಓದುವಷ್ಟರಲ್ಲಿ ಇನ್ನೊಬ್ಬರು ಬಂದು ಬೇರೆ ಸಂಖ್ಯೆ ಬರೆದರೆ ಮೊದಲಿನವರು ಓದುವುದು ಬೇರೆಯೇ ಪುಟ. ಅದಕ್ಕೇ ಮೊದಲು ಬಂದ ಡ್ರೈವರ್ ಬಾಗಿಲನ್ನು ತನ್ನ ಹೆಸರಿಗೆ ಬರೆಸಿಕೊಂಡು ಕೂರುತ್ತಿತ್ತು. ಎರಡನೆಯದಕ್ಕೆ "ವಿಳಾಸ ಖಾಲಿ ಇಲ್ಲ" ಎಂಬ ಉತ್ತರ. ಕೆಲವು ಯಂತ್ರಗಳಲ್ಲಿ ವಾಚ್‌ಡಾಗ್ ಶುರುವೇ ಆಗುತ್ತಿರಲಿಲ್ಲ.

ಪರಿಹಾರ ಕೇಳಿ ನನಗೆ ನಗು ಬಂತು, ಯಾಕೆಂದರೆ ಅದು ನಮ್ಮ ಬೀದಿಯ ನಿಯಮವೇ. ಮಾಮೂಲ್‌ಪೇಟೆಯ ರಸ್ತೆಯಲ್ಲಿ ಒಂದು ಟೆಂಪೊ ನಿಂತರೆ ಇನ್ನೊಂದಕ್ಕೆ ಜಾಗವಿಲ್ಲ. ಬೆಳಗಿನಿಂದ ಸಂಜೆವರೆಗೆ ಒಬ್ಬರೇ ಗಾಡಿ ನಿಲ್ಲಿಸಿದರೆ ಬೀದಿಯಲ್ಲಿ ಜಗಳ. ಹಾಗಾಗಿ ಹಮಾಲರು ನಡೆಸಿಕೊಂಡು ಬಂದ ಪದ್ಧತಿ: ನಿಲ್ಲಿಸು, ಇಳಿಸು, ಹೊರಡು, ಆಮೇಲೆ ಹಿಂದಿನವನ ಸರದಿ. ಕರ್ನಲ್‌ನಲ್ಲೂ ಹಾಗೇ ಮಾಡಿದರು. ಬಾಗಿಲನ್ನು ಯಾರೂ ಶಾಶ್ವತವಾಗಿ ಬರೆಸಿಕೊಳ್ಳುವುದು ಬೇಡ, ಬೇಕಾದ ಕ್ಷಣಕ್ಕೆ ಹಿಡಿ, ಪುಟಸಂಖ್ಯೆ ಬರೆದು ಓದಿ ಮುಗಿಸು, ಬಿಡು, ಖಾಲಿ ಇಲ್ಲದಿದ್ದರೆ ಸರದಿಯಲ್ಲಿ ಕಾಯಿ. ಎರಡೂ ಡ್ರೈವರುಗಳು ಈ ನಿಯಮಕ್ಕೆ ಒಪ್ಪಿದಾಗ ಮಾತ್ರ ಕೆಲಸ ನಡೆಯುತ್ತದೆ. ಒಬ್ಬರು ಒಪ್ಪಿ ಇನ್ನೊಬ್ಬರು ಟೆಂಪೊ ನಿಲ್ಲಿಸಿಕೊಂಡೇ ಇದ್ದರೆ ಪ್ರಯೋಜನವಿಲ್ಲ.

ನಮ್ಮ 8 ಸೆಕೆಂಡಿನ ಸಮಸ್ಯೆಗೂ ಲಿನಕ್ಸ್‌ನಲ್ಲಿ ಉತ್ತರ ಇದೆ. ರಾಸ್ಪ್‌ಬೆರಿ ಪೈ ಬೋರ್ಡಿನ ವಾಚ್‌ಡಾಗ್ ಸುಮಾರು 15 ಸೆಕೆಂಡಿಗಿಂತ ಹೆಚ್ಚು ಕಾಯಲಾರದು. ಪ್ರೋಗ್ರಾಂ ಒಂದು ನಿಮಿಷದ ಗಡುವು ಕೇಳಿದರೆ ನಡುವೆ ಕರ್ನಲ್ಲೇ ಅದರ ಪರವಾಗಿ ನಾಯಿಗೆ ಊಟ ಹಾಕುತ್ತದೆ. ಅದೂ ಟೈಮರಿನ ಊಟವೇ ಅಲ್ಲವೇ, ಹಾಗಿದ್ದರೆ ತಪ್ಪಲ್ಲವೇ ಎಂದು ನಾನು ಕೇಳಿದೆ. ಭಾಯಿಜಾನ್ ಹೇಳಿದ ವ್ಯತ್ಯಾಸ ಇದು: ಕರ್ನಲ್ ಆ ಒಂದು ನಿಮಿಷ ಮುಗಿಯುವವರೆಗೆ ಮಾತ್ರ ಹಾಕುತ್ತದೆ. ಅಷ್ಟರೊಳಗೆ ಪ್ರೋಗ್ರಾಂ ತಾನೇ ಬಂದು ಮುಖ ತೋರಿಸದಿದ್ದರೆ ಕರ್ನಲ್ ಕೈ ನಿಲ್ಲಿಸುತ್ತದೆ, ರೀಸ್ಟಾರ್ಟ್ ಆಗುತ್ತದೆ. ಸಾಲದ ಗಡುವು ಬೆಳೆಸುವುದು ಬೇರೆ, ಸಾಲವನ್ನೇ ಮರೆಯುವುದು ಬೇರೆ.

ಒಂದು ಆಕ್ಷೇಪ ಇದೆ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಈ ವಿಷಯ ಹೇಳಿದಾಗ ಒಬ್ಬ ಸ್ನೇಹಿತ, "ಪ್ರೋಗ್ರಾಂ ಸರಿಯಾಗಿ ಬರೆದರೆ ವಾಚ್‌ಡಾಗ್ ಯಾಕೆ ಬೇಕು? ಅದು ಸೋಮಾರಿಗಳ ಊರುಗೋಲು" ಎಂದ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ರೀಸ್ಟಾರ್ಟ್ ಎಂಬುದು ರೋಗಕ್ಕೆ ಔಷಧಿಯಲ್ಲ. ಆದರೆ ಎರಡು ಬಾಹ್ಯಾಕಾಶ ನೌಕೆಗಳ ಕಥೆ ಕೇಳಿ. 1994ರ ಮೇ 7ರಂದು ಅಮೆರಿಕದ ಕ್ಲೆಮೆಂಟೈನ್ ನೌಕೆಯ ಕಂಪ್ಯೂಟರ್ ಸಿಕ್ಕಿಹಾಕಿಕೊಂಡಿತು. ಅದರಲ್ಲಿ ವಾಚ್‌ಡಾಗ್ ಇದ್ದರೂ ಅದನ್ನು ಬಳಸುವ ಪ್ರೋಗ್ರಾಂ ಬರೆದಿರಲಿಲ್ಲ. ಪುಟ್ಟ ರಾಕೆಟ್ಟುಗಳು 11 ನಿಮಿಷ ಉರಿದು ಇಂಧನ ಖಾಲಿಯಾಯಿತು. ಜಿಯೋಗ್ರಾಫೋಸ್ ಎಂಬ ಕ್ಷುದ್ರಗ್ರಹದ ಕಡೆಗಿನ ಪಯಣ ರದ್ದಾಯಿತು. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲಿಳಿದ ಪಾತ್‌ಫೈಂಡರ್‌ನಲ್ಲೂ ದೋಷ ಇತ್ತು. ಕಡಿಮೆ ಮುಖ್ಯವಾದ ಕೆಲಸವೊಂದು ಬೀಗ ಹಿಡಿದುಕೊಂಡು, ಅತಿ ಮುಖ್ಯವಾದ ಕೆಲಸ ಹೊರಗೆ ಕಾಯುವಂತಾಗುತ್ತಿತ್ತು. ಆದರೆ ಅಲ್ಲಿ ಕಾವಲು ಎಚ್ಚರವಾಗಿತ್ತು. ಗಡುವು ತಪ್ಪಿದ್ದನ್ನು ಕಂಡು ಪ್ರತಿ ಸಲ ರೀಸ್ಟಾರ್ಟ್ ಮಾಡಿತು. ನೌಕೆ ಉಳಿಯಿತು. ಇಂಜಿನಿಯರುಗಳು ಭೂಮಿಯಲ್ಲಿ ಅದೇ ದೋಷವನ್ನು ಮರುಸೃಷ್ಟಿಸಿ ಕಾರಣ ಹುಡುಕಿ, ತಿದ್ದುಪಡಿಯನ್ನು ಮಂಗಳಕ್ಕೆ ಕಳಿಸಿದರು. ಮನುಷ್ಯರು ತಪ್ಪು ಮಾಡುತ್ತಾರೆ ಎಂದು ಮೊದಲೇ ಒಪ್ಪಿಕೊಂಡು ಇಟ್ಟ ಕಾವಲು ಅದು. ಅದನ್ನು ಸೋಮಾರಿತನ ಎನ್ನಲಾರೆ.

ನಮ್ಮ ಬೋರ್ಡನ್ನು ಭಾಯಿಜಾನ್ ತಿದ್ದಿದ ರೀತಿ ಹೀಗಿದೆ. ನೀರಿನ ಮಟ್ಟ ನೋಡಿದ್ದಾಯಿತೇ, ಮೋಟರ್ ಬಗ್ಗೆ ತೀರ್ಮಾನ ಆಯಿತೇ, ಮೆಸೇಜ್ ಕೆಲಸ ಒಂದು ಹೆಜ್ಜೆ ಮುಂದೆ ಹೋಯಿತೇ, ಈ ಮೂರಕ್ಕೂ ಒಂದೊಂದು ಟಿಕ್. ಮೂರೂ ಬಿದ್ದಾಗ ಮಾತ್ರ ಮುಖ್ಯ ಪ್ರೋಗ್ರಾಂ ನಾಯಿಗೆ ಊಟ ಹಾಕಿ ಟಿಕ್‌ಗಳನ್ನು ಅಳಿಸುತ್ತದೆ. ಮೆಸೇಜಿಗೆ ಕಾಯುತ್ತಾ ಕೂರುವ ಬದಲು, ಒಂದು ಸಲ ಇಣುಕಿ ನೋಡಿ ಮುಂದಿನ ಕೆಲಸಕ್ಕೆ ಹೋಗುತ್ತದೆ. ಹೊತ್ತು ಮೀರಿದರೆ ಆ ಪ್ರಯತ್ನ ಬಿಟ್ಟು ಮತ್ತೆ ಶುರು. ರೀಸ್ಟಾರ್ಟ್ ಆದರೆ ಯಾವ ಕಾರಣಕ್ಕೆ ಆಯಿತು ಎಂದು ಚಿಪ್ಪೇ ಗುರುತಿಟ್ಟಿರುತ್ತದೆ, ಅದನ್ನು ಎದ್ದ ತಕ್ಷಣ ಓದಿ ಲೆಕ್ಕ ಬರೆಯುತ್ತದೆ. ಈ ಚಿಪ್ಪಿನಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ನಾಯಿ ಎಬ್ಬಿಸಿದ ಮೇಲೂ ನಾಯಿ ಎಚ್ಚರವಾಗಿಯೇ ಇರುತ್ತದೆ, ಅದೂ ಅತಿ ಕಡಿಮೆ ಗಡುವಿನೊಂದಿಗೆ, ಸುಮಾರು 15 ಮಿಲಿಸೆಕೆಂಡ್. ಆದ್ದರಿಂದ ಎದ್ದ ಕೂಡಲೇ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು, ಇಲ್ಲದಿದ್ದರೆ ಏಳುವುದು ಬೀಳುವುದೇ ಕೆಲಸವಾಗುತ್ತದೆ. ಹಸಿರು ದೀಪ ಈಗಲೂ ಇದೆ. ಆದರೆ ಅದನ್ನು ಮಿನುಗಿಸುವುದು ಟೈಮರ್ ಅಲ್ಲ, ಆ ಮೂರು ಟಿಕ್.

ಬೋರ್ಡು ಮಾಡಿಕೊಟ್ಟವರ ಮೇಲೆ ನನಗೆ ಕೋಪವಿಲ್ಲ. ಕಡಿಮೆ ಹಣಕ್ಕೆ ಬೇಗ ಬೇಕು ಎಂದವರು ನಾವೇ. ಪದೇ ಪದೇ ರೀಸ್ಟಾರ್ಟ್ ಆದಾಗ "ಇದೇನು ಕಾಟ, ನಿಲ್ಲಿಸಿ" ಎಂದವರೂ ನಾವೇ. ನಾಯಿ ಬೊಗಳಿದಾಗ ಕಳ್ಳನನ್ನು ಹುಡುಕದೆ ನಾಯಿಯ ಬಾಯಿ ಕಟ್ಟಿಸಿದೆವು. ಎಲ್ಲಕ್ಕಿಂತ ಹೆಚ್ಚಾಗಿ, ಆ ಸಂಜೆ ಒಂದು ಬಕೆಟ್ ನೀರು ಗುಂಡಿಗೆ ಸುರಿದು ಮೋಟರ್ ಓಡುತ್ತದೆಯೇ ಎಂದು ನೋಡಲು ನನಗೆ ಎರಡು ನಿಮಿಷ ಸಾಕಿತ್ತು. ನಾನು ದೀಪ ನೋಡಿ ಬಂದೆ. ಅಬ್ಬಾಗೆ ಟೈಮರ್ ಕೊಟ್ಟಂಥ ಉತ್ತರವನ್ನೇ ಕೊಟ್ಟೆ.

ಅದಕ್ಕೇ ಕಾಲೇಜಿನಲ್ಲಿ ನನ್ನ ಎರಡು ಕೋರಿಕೆ. ವಿಜ್ಞಾನ ಮೇಳದಲ್ಲಿ ಪ್ರತಿ ವರ್ಷ ನಮ್ಮ ಸ್ನೇಹಿತರು ನೀರಿನ ಅಲಾರಂ, ಗ್ಯಾಸ್ ಅಲಾರಂ, ಬೆಂಕಿ ಅಲಾರಂ ಮಾಡಿ ತೋರಿಸುತ್ತಾರೆ. ಅಧ್ಯಾಪಕರು ಅಂಕ ಕೊಡುವ ಮುಂಚೆ ಒಂದು ತಂತಿ ಕಿತ್ತು ನೋಡಲಿ. ಕಿತ್ತಾಗ ಯಂತ್ರ ಸುಮ್ಮನಿದ್ದು ದೀಪ ಮಿನುಗುತ್ತಿದ್ದರೆ ಅಂಕ ಕಡಿಮೆ. ಕಿತ್ತದ್ದನ್ನು ಕೂಗಿ ಹೇಳಿದರೆ ಅಂಕ ಹೆಚ್ಚು. ಎರಡನೆಯದು ನಮಗೇ, ವಿದ್ಯಾರ್ಥಿಗಳಿಗೆ. ಹಾಜರಾತಿ ಕೂಗುವಾಗ ಗೈರಾದ ಸ್ನೇಹಿತನ ಪರವಾಗಿ "ಯೆಸ್ ಸರ್" ಎನ್ನುವುದನ್ನು ನಾವು ಸ್ನೇಹ ಎಂದುಕೊಂಡಿದ್ದೇವೆ. ನಾನೂ ಎಂದಿದ್ದೇನೆ. ಅದು ಟೈಮರ್ ಹಾಕುವ ಊಟ. ಅವನು ಎರಡು ವಾರ ಬರದಿದ್ದರೂ, ಅವನ ಮನೆಯಲ್ಲಿ ಏನಾಗಿದೆ ಎಂದು ಕೇಳುವವರೇ ಇಲ್ಲದ ಹಾಗೆ ಮಾಡುತ್ತೇವೆ.

ಈಗ ಮಳೆ ಬರುವ ಲಕ್ಷಣ ಕಂಡರೆ ನಾನು ಗೋಡೌನಿಗೆ ಒಂದು ಬಕೆಟ್ ನೀರು ಹೊತ್ತುಕೊಂಡು ಇಳಿಯುತ್ತೇನೆ. ಮೋಟರ್ ಶಬ್ದ ಕೇಳಿದ ಮೇಲೆಯೇ ಅಬ್ಬಾಗೆ ಸರಿ ಇದೆ ಎನ್ನುತ್ತೇನೆ.